ಮೆತ್ತಗಾಗದ ಒಂದು ಜಾಗ

"ಬಗ್ಗಿಸಬೇಡ! ತೆಗಿ ಕೈ!"

ದಬ್ಬಳದಮ್ಮ ಕೂಗಿದ ರಭಸಕ್ಕೆ ಕಾನ್‌ಸ್ಟೆಬಲ್ ಮೀಸೆಯ ಇನ್ನೊಂದು ಕೈಲಿದ್ದ ಟೀ ಲೋಟ ಅಲ್ಲಾಡಿ, ಅರ್ಧ ಟೀ ಖಾಕಿ ಪ್ಯಾಂಟಿನ ಪಾಲಾಯಿತು.

"ಸುಮ್ನೆ ಮುಟ್ಟಿ ನೋಡ್ದೆ ಅಮ್ಮಾ. ಮೆತ್ತಗಾಗಿದೆಯಾ ಅಂತ."

"ಮುಟ್ಟು. ಬೇಕಾದರೆ ಮುದ್ದು ಮಾಡು. ಬಗ್ಗಿಸಬೇಡ. ಮೂರು ದಿನದಿಂದ ಎಳೆಗೂಸಿಗೆ ಹಚ್ಚಿದ ಹಾಗೆ ಎಣ್ಣೆ ಹಚ್ಚಿದ್ದೀನಿ ಇದಕ್ಕೆ. ನೀನು ಒಂದೇ ಸಲ ಬಗ್ಗಿಸಿದರೆ ಪಟ್ ಅಂತ ಬಿರುಕು ಬಿಡುತ್ತೆ. ಆಮೇಲೆ ನಿಮ್ಮ ಸಾಕ್ಷಿಯನ್ನ ಪೊರಕೆಯಲ್ಲಿ ಗುಡಿಸಿಕೊಂಡು ಹೋಗು."

ಸವಾರಿ ಶಾಲೆಯ ಮೇಷ್ಟ್ರು ಬೇಲಿ ಹಾರಿಸುವಾಗ ಇದೇ ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಪಟ್ಟಿ ಕಿತ್ತುಬಂದು ಕುದುರೆಯಿಂದ ಬಿದ್ದು ಇವತ್ತಿಗೆ ಎಂಟು ದಿನ. ಅವರಿನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಪಟ್ಟಿ ಕುಯ್ದವನು ನಾನೇ ಅಂತ ಲಾಯ ನೋಡಿಕೊಳ್ಳುವ ಮುದುಕ ಒಪ್ಪಿಕೊಂಡು ಲಾಕಪ್ಪಿನಲ್ಲಿ ಕೂತಿದ್ದಾನೆ. ನಾಳೆ ಹನ್ನೊಂದಕ್ಕೆ ಅವನಿಗೆ ಕೋರ್ಟು.

ದಬ್ಬಳದಮ್ಮನ ಹೊಲಿಗೆಯ ಕೋಣೆಯಲ್ಲಿ, ಮರದ ಕುದುರೆಯ ಮೇಲೆ ಕೂತಿದ್ದ ಜೀನನ್ನು ಅವಳ ಸೊಸೆ ಇನ್‌ಸ್ಪೆಕ್ಟರ್ ದೂರದಿಂದಲೇ ನೋಡುತ್ತಿದ್ದಳು. ಗೋಡೆಗೆ ಆನಿಸಿದ ಕುಳ್ಳು ಸ್ಟೂಲು ಅವಳದು. ಮದುವೆಯಾಗಿ ಬಂದ ಮೊದಲನೇ ವಾರದಿಂದ ಅವಳದೇ. ಆಗಿನ್ನೂ ಟ್ರೈನಿಂಗು, ಕೊಟ್ಟ ಬೂಟು ಕಚ್ಚಿ ಕಾಲೆಲ್ಲ ಗುಳ್ಳೆ. ಅತ್ತೆ ಬೂಟು ತೆಗೆದುಕೊಂಡು, ಒಳಗೆ ಎಣ್ಣೆ ಸವರಿ, ಎರಡು ದಿನ ತನ್ನ ಕಾಲಿಗೇ ಹಾಕಿಕೊಂಡು ಮನೆಯೆಲ್ಲ ಓಡಾಡಿ, ಮೆತ್ತಗೆ ಮಾಡಿ ವಾಪಸ್ಸು ಕೊಟ್ಟಿದ್ದಳು. ಸೀರೆಯ ಕೆಳಗೆ ಪೊಲೀಸ್ ಬೂಟು ಹಾಕಿಕೊಂಡ ಅತ್ತೆಯನ್ನು ನೋಡಿದ ಸೊಸೆ ಅವತ್ತಿನಿಂದ ಅತ್ತೆಯ ಕಡೆಯವಳು.

"ಇವನನ್ನ ಬೈಯಬೇಡಿ ಅತ್ತೆ, ಪಾಪ," ಅಂದಳು.

"ಬೈಯಬಾರದಾ? ಮಳೇಲಿ ನೆಂದ ಜೀನನ್ನ ಸ್ಟೇಷನ್ನಿನ ಒಲೆ ಪಕ್ಕ ಇಟ್ಟ ಪುಣ್ಯಾತ್ಮ ಇವನೇ ತಾನೇ? ಚರ್ಮ ಹೋಗಿ ಹಲಗೆ ಆಗಿತ್ತು. ಪಟ್ಟಿಯ ತುದಿ ಸುರುಟಿಕೊಂಡು ಮುಷ್ಟಿ ಕಟ್ಟಿತ್ತು. ನಿಮ್ಮ ಲ್ಯಾಬಿನವರು ನೋಡಿ, ಇದನ್ನ ಬಿಡಿಸೋಕೆ ಹೋದರೆ ಒಡೆಯುತ್ತೆ ಅಂತ ಬರೆದು ಕೈ ತೊಳೆದುಕೊಂಡರು."

"ಒದ್ದೆ ಇತ್ತಲ್ಲ, ಬೂಷ್ಟು ಹಿಡಿಯುತ್ತೆ ಅಂತ ಬೆಚ್ಚಗೆ ಇಟ್ಟೆ," ಅಂದ ಮೀಸೆ. ಮೀಸೆ ಬೋಳಿಸಿ ವರ್ಷವಾಗಿದ್ದರೂ ಕಾನ್‌ಸ್ಟೆಬಲ್ಲಿಗೆ ಆ ಹೆಸರು ಮಾತ್ರ ಉಳಿದಿತ್ತು. "ಒಳ್ಳೇದು ಮಾಡೋಕೆ ಹೋದೆ."

"ಆಯ್ತು. ಇದನ್ನ ಇಳಿಸು. ಕೆಳಮೈ ನೋಡಬೇಕು."

ಮೀಸೆ ಲೋಟ ಕೆಳಗಿಟ್ಟು ಬಂದ. ಬಲಗೈಯನ್ನು ಜೀನಿನ ಮುಂದಿನ ಕಮಾನಿನ ಅಡಿಗೆ ತೂರಿಸಿ, ಸೀಟನ್ನು ಮೊಣಕೈಗೆ ಆನಿಸಿ, ಜೋತುಬಿದ್ದ ಪಟ್ಟಿಗಳನ್ನು ಎಡಗೈಯಿಂದ ಒಟ್ಟುಗೂಡಿಸಿ, ಎಲ್ಲೂ ತಾಗಿಸದೆ ಮೇಜಿನ ಮೇಲೆ ಬೋರಲು ಮಲಗಿಸಿದ.

ದಬ್ಬಳದಮ್ಮ ಹುಬ್ಬೇರಿಸಿದಳು. "ಎತ್ತೋದು ಬಲ್ಲೆಯಲ್ಲಪ್ಪಾ."

"ನಮ್ಮ ತಾತಂದು ನಾಲ್ಕು ಗಾಡಿ ಕುದುರೆ ಇದ್ದವು ಅಮ್ಮಾ. ಸಾಮಾನೆಲ್ಲ ತಿಕ್ಕೋ ಕೆಲಸ ನನ್ನ ತಲೆಗೇ ಕಟ್ಟಿದ್ದರು." ಮೀಸೆ ಹಲ್ಲು ಬಿಟ್ಟ. "ನಾನು ಹುಟ್ಟಿದ್ದೇ ಲಾಯದಲ್ಲಿ ಅಂತ ನಮ್ಮವ್ವ ಹೇಳ್ತಿದ್ದಳು."

"ಹಾಗಾದರೆ ಬಾಲ ಎಲ್ಲಿ ಬಿಟ್ಟೆ?"

ಮೂವರೂ ನಕ್ಕರು. ಆ ಸಣ್ಣ ಕೋಣೆಯಲ್ಲಿ ನಗು ತುಂಬ ಹೊತ್ತು ಇತ್ತು, ಯಾಕೆಂದರೆ ಅದು ಹೊರಗೆ ಹೋಗಲು ಇದ್ದದ್ದು ಎರಡೇ ಕಿಟಕಿ, ಒಂದು ಬಾಗಿಲು.

*

ಗಟ್ಟಿಯಾದ ಚರ್ಮವನ್ನು ಹದ ಮಾಡುವುದು ಅವಸರದವರ ಕೆಲಸವಲ್ಲ. ಮೊದಲನೇ ದಿನ ದಬ್ಬಳದಮ್ಮ ಜೀನಿಗೆ ಎಣ್ಣೆಯನ್ನೇ ತೋರಿಸಿರಲಿಲ್ಲ. ಮೆತ್ತನೆಯ ಬ್ರಷ್ಷಿನಿಂದ ಕೆಸರು ಉದುರಿಸಿ, ನೀರಿನಲ್ಲಿ ಅದ್ದಿ ಹಿಂಡಿದ ಸ್ಪಂಜಿನಿಂದ ಒರೆಸಿ, ನೆರಳಿನಲ್ಲಿ ಬಿಟ್ಟಿದ್ದಳು. ಅಷ್ಟೇ. ಸೊಸೆ ಕೇಳಿದ್ದಕ್ಕೆ, "ಬಾಯಾರಿದವನ ಬಾಯಿಗೆ ಮೊದಲೇ ಊಟ ತುರುಕಬೇಡ, ನೀರು ಕೊಡು," ಅಂದಿದ್ದಳು.

ಎರಡನೇ ದಿನ ಸಾಬೂನು. ನೊರೆ ಜಾಸ್ತಿ ಬರದ ಹಾಗೆ, ಉಗುರಿನಷ್ಟೇ. ಆಮೇಲೆ ಎಣ್ಣೆ. ಗೊರಸಿನ ಎಣ್ಣೆ ಅಂತ ಅವಳು ಕರೆಯುವ, ದನದ ಕಾಲಿನ ಎಲುಬು ಬೇಯಿಸಿ ತೆಗೆದ ತೆಳು ಹಳದಿ ಎಣ್ಣೆ. ಬಾಟಲಿಯಿಂದ ನೇರವಾಗಿ ಸುರಿಯುವವಳಲ್ಲ. ಅಂಗೈಗೆ ನಾಲ್ಕು ಹನಿ, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಚರ್ಮದ ಒರಟಾದ ಒಳಮೈಗೆ ಹಚ್ಚುವಳು.

"ಹೊರಮೈ ಬರೀ ಮಿಂಚೋಕೆ ಕುಡಿಯುತ್ತೆ. ಒಳಮೈ ಬದುಕೋಕೆ ಕುಡಿಯುತ್ತೆ," ಅನ್ನುವಳು.

ಹಚ್ಚಿ, ಹತ್ತಿಬಟ್ಟೆ ಹೊದಿಸಿ, ಕಾಯಬೇಕು. ಕುಡಿದ ಮೇಲೆ ಇನ್ನೊಂದು ತೆಳು ಕೈ. ಮತ್ತೆ ಕಾಯಬೇಕು. ಪ್ರತಿದಿನ ಕೆಲಸ ಮುಗಿದ ಮೇಲೆ ಜೀನು ಕಬ್ಬಿಣದ ಟ್ರಂಕು ಸೇರುತ್ತಿತ್ತು. ಬೀಗದ ಕೈ ಸೊಸೆಯ ಹತ್ತಿರ. ಕಾಗದದ ಮೇಲೆ ಮೀಸೆಯ ಸಹಿ.

ಇಷ್ಟೆಲ್ಲ ಬಿಗಿ ಯಾಕೆಂದರೆ, ಆ ಪಟ್ಟಿಗಳನ್ನು ಜೀನಿಗೆ ಹೊಲಿದವಳು ದಬ್ಬಳದಮ್ಮನೇ. ಎರಡು ವರ್ಷದ ಹಿಂದೆ. ಸುತ್ತ ಎಲ್ಲೂ ಬೇರೆ ಜೀನು ಕೆಲಸದವರಿಲ್ಲ, ಆದ್ದರಿಂದ ಮೇಲಿನ ಸಾಹೇಬರು ಒಪ್ಪಿ ಚೀಟಿ ಕೊಟ್ಟಿದ್ದರು.

"ಅತ್ತೆ," ಮೊದಲನೇ ದಿನವೇ ಸೊಸೆ ಕೇಳಿದ್ದಳು, "ಬಿಟ್ಟಿರೋದು ನಿಮ್ಮ ಹೊಲಿಗೇನೇ ಆಗಿದ್ದರೆ?"

"ಆಗಿದ್ದರೆ ಆಗಿದೆ ಅಂತ ಬರ್ಕೋ. ಚರ್ಮ ಏನು ಹೇಳುತ್ತೋ ಅದೇ. ಅತ್ತೆ ಅಂತ ಒಂದು ಅಕ್ಷರ ಕಮ್ಮಿ ಬರೆದರೆ ಈ ಸ್ಟೂಲಿನ ಮೇಲೆ ಮತ್ತೆ ಕೂರಿಸಲ್ಲ ನಿನ್ನ."

ಈಗ ಕಿಟಕಿಯ ಬೆಳಕಿಗೆ ಜೀನನ್ನು ತಿರುಗಿಸಿಕೊಂಡು, ಅವಳು ಸಹಜವಾಗಿ ಕೇಳಿದಳು: "ನನ್ನ ಮಗರಾಯ ತಿಂಡಿ ತಿಂದನಾ?"

"ಎಲ್ಲಿ? ಮೂರು ದಿನದಿಂದ ಬರೀ ನೀರು. ಹಲ್ಲುನೋವಂತೆ."

"ಊರಿಗೆಲ್ಲ ಕಟ್ಟುಹಲ್ಲು ಮಾಡಿಕೊಡೋನಿಗೇ ಹಲ್ಲುನೋವಾ!"

"ಅದೇ ನಾನೂ ಅಂದೆ. ನಗಲೂ ಇಲ್ಲ. ಶರ್ಟಿನ ತೋಳಿಗೆಲ್ಲ ಆ ಒಸಡಿನ ಬಣ್ಣದ ಮೇಣ ಮೆತ್ತಿಕೊಂಡು ಬರ್ತಾರೆ, ಉಜ್ಜಿ ಉಜ್ಜಿ ನನ್ನ ಕೈ ಸವೀತು ಅಂತ ಬೈದರೂ ಸುಮ್ಮನೆ ಕೂತಿದ್ದರು. ಬೈದರೆ ತಿರುಗಿ ಬೈಯದ ಗಂಡನನ್ನ ಇಟ್ಟುಕೊಂಡು ಏನು ಮಾಡಲಿ ಹೇಳಿ."

"ಅವರಪ್ಪನೂ ಹಾಗೇ. ತಪ್ಪು ಮಾಡಿದ ದಿನ ಮಾತ್ರ ಸುಮ್ಮನಿರೋರು."

ಹಾಗಂದು ಅತ್ತೆ ಜಡೆಗಂಟಿನಿಂದ ದಬ್ಬಳ ಎಳೆದುಕೊಂಡಳು. ಆ ದಪ್ಪ ಸೂಜಿಗೆ ಅಲ್ಲಿ ಕಾಯಂ ಜಾಗ. ಅದರಿಂದಲೇ ಅವಳಿಗೆ ಆ ಹೆಸರು.

"ಆ ಮುದುಕನನ್ನ ಕರೆಸು. ಅವನ ಎದುರಿಗೇ ಬಿಡಿಸ್ತೀನಿ."

*

ಲಾಯದ ಮುದುಕನನ್ನು ಎಲ್ಲರೂ ಕಡಿವಾಣ ಅಂತ ಕರೆಯುವುದು ಅವನ ಬಾಯಿ ನೋಡಿ. ಕುದುರೆಗಳ ಜೊತೆ ಗಂಟೆಗಟ್ಟಲೆ ಮಾತಾಡುವವನು ಮನುಷ್ಯರ ಮುಂದೆ ಎರಡು ಮಾತಿಗೆ ನಿಲ್ಲಿಸುತ್ತಾನೆ. ವಾರಕ್ಕೊಮ್ಮೆ ಲಾಯದಿಂದ ರಿಪೇರಿ ಸಾಮಾನು ಹೊತ್ತು ಬಂದು, ಇದೇ ಮೇಜಿನ ತುದಿಯಲ್ಲಿ ಟೀ ಕುಡಿದು, "ಬರ್ತೀನಿ" ಅಂದು ಎದ್ದು ಹೋಗುವುದು ಮೂವತ್ತು ವರ್ಷದ ರೂಢಿ. ದಬ್ಬಳದಮ್ಮನ ಗಂಡ ತೀರಿಕೊಂಡ ವಾರವೂ ಬಂದಿದ್ದ. ಅವತ್ತು "ಬರ್ತೀನಿ" ಕೂಡ ಅಂದಿರಲಿಲ್ಲ, ಸಂಜೆಯವರೆಗೂ ಕೂತಿದ್ದ.

ಜೀಪಿನಿಂದ ಇಳಿದು ಒಳಗೆ ಬಂದವನು ಜೀನನ್ನು ನೋಡಲಿಲ್ಲ. ಅವಳನ್ನೂ ನೋಡಲಿಲ್ಲ.

"ಟೀ ಬೇಕಾ?"

"ಬೇಡ."

"ಲಾಕಪ್ಪಿನ ಟೀ ನನ್ನದಕ್ಕಿಂತ ಚೆನ್ನಾಗಿದೆಯಾ?"

ಅವನ ಬಾಯಿಯ ತುದಿ ಸ್ವಲ್ಪ ಅಲ್ಲಾಡಿತು. "ಇಲ್ಲ."

"ಹಾಗಾದರೆ ಕುಡಿ. ಕುಡೀತಾ ಹೇಳು. ಯಾವುದರಲ್ಲಿ ಕುಯ್ದೆ?"

"ಗೊರಸು ಕೆತ್ತೋ ಚಾಕೂಲಿ."

"ಯಾವ ಕಡೆಯ ಪಟ್ಟಿ?"

"ಬಲಗಡೆ."

"ಎಲ್ಲಿಗೆ ಕುಯ್ದೆ? ತೂತಿನ ಹತ್ತಿರಾನಾ, ಬುಡಕ್ಕಾ?"

ಕಡಿವಾಣ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. "ಬುಡಕ್ಕೆ."

"ಪೂರ್ತೀನಾ, ಅರ್ಧಾನಾ?"

"ಅರ್ಧ. ಮಿಕ್ಕಿದ್ದು ತಾನೇ ಹರೀಲಿ ಅಂತ."

"ಯಾಕೆ?"

"ಮೇಷ್ಟ್ರ ಮೇಲೆ ಸಿಟ್ಟಿತ್ತು. ಬಿಳಿ ಕುದುರೆಗೆ ವಯಸ್ಸಾಗಿದೆ, ಹಾರಿಸಬೇಡಿ ಅಂದೆ. ಎಂಟು ವರ್ಷದ ಕುದುರೆ ಅಂತ ನಂಬಿಸಿ ಮಾರಿದ್ದರು ಅವರಿಗೆ. ಮಾರಿದವನ ಮಾತು ನಂಬಿದರು, ನನ್ನ ಮಾತು ನಂಬಲಿಲ್ಲ. ಜಗಳ ಆಯ್ತು."

ಅವನ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಅವಳು ಯಾವತ್ತೂ ಕೇಳಿರಲಿಲ್ಲ. ಬಾಯಿಪಾಠ ಮಾಡಿದ ಮಾತು.

"ಸರಿ," ಅಂದಳು. "ಈಗ ನೋಡೋಣ."

ಕಿತ್ತುಬಂದ ಪಟ್ಟಿಯ ತುದಿ ಮುಷ್ಟಿಯ ಹಾಗೆ ಒಳಗೆ ಸುರುಟಿತ್ತು. ಅವಳು ಅಂಗೈ ಬಿಸಿ ಮಾಡಿಕೊಂಡು ಅದನ್ನು ಮುಚ್ಚಿ ಹಿಡಿದಳು. ಎಳೆಯಲಿಲ್ಲ. ಹಕ್ಕಿಮರಿ ಹಿಡಿದ ಹಾಗೆ ಸುಮ್ಮನೆ ಹಿಡಿದುಕೊಂಡು ನಿಂತಳು. ಕೋಣೆಯಲ್ಲಿ ಗಡಿಯಾರ ಮಾತ್ರ. ಆಮೇಲೆ ಹೆಬ್ಬೆರಳು ಸ್ವಲ್ಪ ಸರಿಯಿತು. ಇನ್ನೂ ಸ್ವಲ್ಪ. ಮೂರು ದಿನ ಎಣ್ಣೆ ಕುಡಿದ ಚರ್ಮ ನಿಟ್ಟುಸಿರು ಬಿಟ್ಟಂತೆ ಸಡಿಲಾಯಿತು. ಮುಷ್ಟಿ ಬಿಚ್ಚಿ, ಅಂಗೈಯ ಮೇಲೆ ಚಪ್ಪಟೆಯಾಗಿ ಮಲಗಿತು.

"ಬಾರೇ ಮಗಳೇ. ನೋಡು. ಮೀಸೆ, ನೀನೂ ಬಾ."

ಪಟ್ಟಿಯ ಬುಡ ಇಡಿಯಾಗಿತ್ತು. ನಾಲ್ಕು ಅಂಚೂ ಅವಳು ಎರಡು ವರ್ಷದ ಹಿಂದೆ ಕತ್ತರಿಸಿ ದುಂಡು ಮಾಡಿದ ಹಾಗೇ ಇದ್ದವು. ಚಾಕು ತಾಗಿದ ಗುರುತಿಲ್ಲ. ಹರಿದ ಚರ್ಮದ ಅಂಚಿಗೆ ಗಡ್ಡದ ಕೂಳೆಯ ಹಾಗೆ ನಾರು ಎದ್ದಿರುತ್ತದೆ, ಅದೂ ಇಲ್ಲ. ಇದ್ದದ್ದು ಎರಡು ಸಾಲು ಹೊಲಿಗೆಯ ತೂತು ಮಾತ್ರ. ದಾರ ಹೋಗಿತ್ತು, ಚರ್ಮ ಉಳಿದಿತ್ತು.

"ಕುಯ್ದಿಲ್ಲ," ಅಂದಳು ಸೊಸೆ. "ಹೊಲಿಗೆ ಬಿಟ್ಟಿದೆ."

ದಬ್ಬಳದಮ್ಮ ಕಡಿವಾಣದ ಕಡೆ ತಿರುಗಿದಳು. "ಮೂವತ್ತು ವರ್ಷದಲ್ಲಿ ನೀನು ಹೇಳಿದ ಸುಳ್ಳು ಎರಡು. ಒಂದು, ಟೀ ಚೆನ್ನಾಗಿದೆ ಅನ್ನೋದು. ಇನ್ನೊಂದು ಇದು. ಯಾಕೋ ಹೀಗೆ ಮಾಡಿದೆ?"

ಅವನು ಲೋಟದೊಳಗೆ ನೋಡಿದ.

"ನನ್ನ ಹೊಲಿಗೆ ಬಿಟ್ಟಿತು ಅಂತ ಜನ ಅಂದ್ಕೋತಾರೆ ಅಂತಲಾ? ದಬ್ಬಳದಮ್ಮನ ಕೈ ಹೋಯ್ತು, ಕಣ್ಣು ಹೋಯ್ತು ಅಂತಾರೆ ಅಂತಲಾ?"

"ಜೈಲಿಗೆ ಹೋದರೆ ನನಗೇನು," ಅಂದ ಕಡಿವಾಣ. "ಕಾಯೋರು ಯಾರೂ ಇಲ್ಲ. ನಿನಗೆ ಕೆಲಸ ಇದೆ."

ದಬ್ಬಳದಮ್ಮ ಸೆರಗಿನಿಂದ ಕೈ ಒರೆಸಿದಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

"ಕಾಯೋರು ಇಲ್ಲ ಅಂತ ಯಾರು ಹೇಳಿದ್ದು ನಿಂಗೆ?" ಅಂದಳು ಕೊನೆಗೆ, ಗದರುವ ದನಿಯಲ್ಲಿ. "ನೀನು ಬರದೆ ಹೋದ ವಾರ ಒಂದು ಲೋಟ ಟೀ ಸುಮ್ಮನೆ ಚೆಲ್ಲಿದ್ದೀನಿ."

ಮೀಸೆ ಕೆಮ್ಮಿದ. ಸೊಸೆ ಕಿಟಕಿಯ ಹೊರಗೆ ನೋಡಿದಳು.

*

ಆದರೆ ಸಾಕ್ಷಿ ಇನ್ನೂ ಮುಗಿದಿರಲಿಲ್ಲ. ಕುಯ್ದಿಲ್ಲ ಅನ್ನುವುದಷ್ಟೇ ಸಾಲದು. ಯಾಕೆ ಬಿಟ್ಟಿತು ಅನ್ನುವುದೂ ಬರೆಯಬೇಕು, ಇಲ್ಲದಿದ್ದರೆ ಕೋರ್ಟು ಒಪ್ಪಿಗೆಯ ಹೇಳಿಕೆಯನ್ನೇ ಹಿಡಿದುಕೊಳ್ಳುತ್ತದೆ. ಪಟ್ಟಿಯ ಬುಡ ಕೂಡಿಕೊಂಡಿದ್ದ ಜಾಗ ಜೀನಿನ ಪಕ್ಕಕ್ಕೆ ಇಳಿಬಿದ್ದ ಚರ್ಮದ ಮಡಿಕೆಯ ಅಡಿಯಲ್ಲಿತ್ತು. ದಬ್ಬಳದಮ್ಮ ಕನ್ನಡಕ ಏರಿಸಿ, ಮಡಿಕೆ ಎತ್ತಿ, ತೂತಿನಲ್ಲಿ ಉಳಿದ ದಾರದ ಮೋಟನ್ನು ದಬ್ಬಳದ ತುದಿಯಿಂದ ಎಬ್ಬಿಸಿದಳು.

ದಾರದ ಮೇಲೆ ಗುಲಾಬಿ ಬಣ್ಣ.

"ಲಿಪ್‌ಸ್ಟಿಕ್ಕಾ?" ಅಂದ ಮೀಸೆ. "ಮೇಷ್ಟ್ರಿಗೆ ಈ ವಯಸ್ಸಲ್ಲಿ!"

ಯಾರೂ ನಗಲಿಲ್ಲ.

ಅವಳು ದಾರಕ್ಕೆ ಹಚ್ಚುವುದು ಜೇನುಮೇಣ. ಹಳೆಯ ಬೆಲ್ಲದ ಬಣ್ಣ. ಇದು ಬೇರೆ. ಅವಳು ಮೋಟನ್ನು ಅಂಗೈ ಮೇಲಿಟ್ಟು ಉಗುರಿನಿಂದ ಕೆರೆದಳು. ನುಣ್ಣಗೆ, ಪುಡಿಪುಡಿಯಾಗಿ ಉದುರಿತು. ದಾರಕ್ಕೆ ಹಿಡಿದುಕೊಂಡೇ ಇರಲಿಲ್ಲ. ಮೇಣ ಹಿಡಿಯದ ದಾರ ಬೆವರು ಕುಡಿದು ಮೆದುವಾಗಿತ್ತು. ಅದರಲ್ಲಿ ಬೇಲಿ ಹಾರಿಸಿದರೆ ನಿಲ್ಲುತ್ತದೆಯೇ?

ಸೊಸೆಯ ಪೆನ್ನು ನಿಂತಿತ್ತು. "ಬಣ್ಣ ಏನು ಅಂತ ಬರೀಲಿ ಅತ್ತೆ?"

"ಬರಿ. ಗುಲಾಬಿ."

"ಗುಲಾಬಿ," ಅಂತ ಅವಳು ಬರೆದಳು. ಆ ಮೂರಕ್ಷರಕ್ಕೆ ತುಂಬ ಹೊತ್ತು ಹಿಡಿಯಿತು.

ದಬ್ಬಳದಮ್ಮ ಇನ್ನೂ ಬಗ್ಗಿದಳು. ಪಟ್ಟಿ ಕಿತ್ತುಹೋದ ಜಾಗದ ಪಕ್ಕದಲ್ಲಿ ಒಂದು ಗೇಣು ಹೊಲಿಗೆ ಹಾಗೇ ಉಳಿದಿತ್ತು. ಎರಡು ಸೂಜಿಯಲ್ಲಿ ಹೊಲಿದ ಜೀನಿನ ಹೊಲಿಗೆ ಸ್ವಲ್ಪ ವಾಲಿಕೊಂಡಿರುತ್ತದೆ. ದಬ್ಬಳ ಬಲಗೈಯಲ್ಲಿ ಹಿಡಿದವರದು ಒಂದು ಕಡೆಗೆ, ಎಡಗೈಯಲ್ಲಿ ಹಿಡಿದವರದು ಇನ್ನೊಂದು ಕಡೆಗೆ. ಅವಳ ಹೊಲಿಗೆ ಬಲಗೈಯದು. ಇದು ತಿರುಗಿ ವಾಲಿತ್ತು. ಅವಳ ದಾರ ಬಿಚ್ಚಿ, ಅವಳದೇ ತೂತಿನಲ್ಲಿ ಇನ್ಯಾರೋ ಮತ್ತೆ ಹೊಲಿದಿದ್ದರು.

ಕೊನೆಯ ತುದಿಗೆ ಬೆರಳಿಟ್ಟಳು. ಹೊಲಿಗೆ ಮುಗಿಸಿದ ಮೇಲೆ ದಾರ ಬಿಚ್ಚದಂತೆ ಎರಡು ತೂತು ಹಿಂದಕ್ಕೆ ಬರುವುದು ಎಲ್ಲರ ಪದ್ಧತಿ. ಇಲ್ಲಿ ಮೂರು ಬಂದಿದ್ದರು.

ಒಂಬತ್ತು ವರ್ಷದ ಎಡಗೈ ಹುಡುಗನನ್ನು ಅವಳು ಎದುರಿಗೆ ಕೂರಿಸಿಕೊಂಡು, ಕನ್ನಡಿಯಲ್ಲಿ ನೋಡಿ ಕಲಿಯುವ ಹಾಗೆ ಕಲಿಸಿದ್ದಳು. ಎರಡು ಸಾಕು ಕಂದಾ ಅಂದರೆ, "ಬಿಚ್ಚಿಹೋದರೆ ಅಮ್ಮಾ?" ಅಂತ ಮೂರನೆಯದನ್ನು ಹಾಕದೆ ಬಿಡುತ್ತಿರಲಿಲ್ಲ.

ಅವಳು ಕನ್ನಡಕ ತೆಗೆದಳು. ಅಂದರೆ ಲಾಯದ ಮುದುಕ ಕಾಪಾಡಲು ಹೊರಟಿದ್ದು ಅವಳ ಹೆಸರನ್ನಲ್ಲ. ಅವಳ ಮಗನನ್ನು.

ಸೊಸೆ ತನ್ನನ್ನೇ ನೋಡುತ್ತಿರುವುದು ಅವಳಿಗೆ ಗೊತ್ತಾಯಿತು. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ. ಗುಲಾಬಿ ಅನ್ನುವಾಗಲೇ ಅವಳಿಗೆ ಗೊತ್ತಾಗಿತ್ತು. ಗಂಡನ ತೋಳಿಗೆ ಮೆತ್ತಿದ ಆ ಮೇಣವನ್ನು ದಿನಾ ಉಜ್ಜಿದವಳು ಅವಳೇ.

"ಅತ್ತೆ. ಇವತ್ತಿಗೆ ಸಾಕು ಮಾಡೋಣವಾ? ನಿಮಗೆ ದಣಿವಾಗಿದೆ."

ಅಷ್ಟು ಸಾಕಾಗಿತ್ತು. ಹೂಂ ಅಂದಿದ್ದರೆ ಟ್ರಂಕು ಮುಚ್ಚುತ್ತಿತ್ತು, ನಾಳೆ ಹನ್ನೊಂದಕ್ಕೆ ಮುದುಕ ಹೋಗುತ್ತಿದ್ದ, ಮಗ ಉಳಿಯುತ್ತಿದ್ದ. ಕಡಿವಾಣ ಕಣ್ಣಲ್ಲೇ ಹೂಂ ಅನ್ನು ಅಂತ ಬೇಡುತ್ತಿದ್ದ.

"ಪೆನ್ನು ತಗೋ," ಅಂದಳು ದಬ್ಬಳದಮ್ಮ. "ಈ ಹೊಲಿಗೆ ನನ್ನದಲ್ಲ. ಎಡಗೈಯದು. ಕೊನೆಗೆ ಮೂರು ತೂತು ಹಿಂದೆ ಬಂದಿದೆ. ನಾನು ಹೊಲಿಗೆ ಕಲಿಸಿದವರಲ್ಲಿ ಎಡಗೈಯವನು ಒಬ್ಬನೇ. ಅವನು ನನ್ನ ಮಗ. ಬರೆದೆಯಾ?"

"ಬರೀತಿದ್ದೀನಿ ಅತ್ತೆ."

"ಅಳಬೇಡ. ಶಾಯಿ ಹರಡುತ್ತೆ."

"ನೀವು ಮೊದಲು ನಿಲ್ಲಿಸಿ."

*

ಮಗ ಆ ಹೊಲಿಗೆಯನ್ನು ಯಾಕೆ ಬಿಚ್ಚಿದ? ಕೈ ಸುಮ್ಮನಿದ್ದರೆ ಈ ಪ್ರಶ್ನೆ ತಲೆ ತಿನ್ನುತ್ತದೆಂದು ದಬ್ಬಳದಮ್ಮ ಮತ್ತೆ ಕೈ ಬಿಸಿ ಮಾಡಿಕೊಂಡಳು. ಉಳಿದ ಹೊಲಿಗೆಯ ಮೇಲಿನ ಚರ್ಮಕ್ಕೆ ಇನ್ನೊಂದು ತೆಳು ಕೈ ಎಣ್ಣೆ ಹಚ್ಚುತ್ತ ಹೋದಳು. ಮಡಿಕೆ, ಮೆತ್ತಗೆ. ಅಂಚು, ಮೆತ್ತಗೆ. ಸೀಟಿನ ಪಕ್ಕ, ಮೆತ್ತಗೆ.

ಒಂದು ಕಡೆ ಬೆರಳು ತಡೆಯಿತು.

ಅಂಗೈ ಅಗಲದ ಜಾಗ. ಎರಡು ಪದರ ಚರ್ಮದ ನಡುವೆ. ಮೂರು ದಿನದ ಹಿಂದೆ ಇಡೀ ಜೀನೇ ಹಲಗೆಯಾಗಿದ್ದಾಗ ಇದು ಯಾರ ಕೈಗೂ ಸಿಗುವಂತಿರಲಿಲ್ಲ. ಈಗ ಸುತ್ತ ಎಲ್ಲ ಮೆತ್ತಗಾಗಿ, ಇದೊಂದು ಮಾತ್ರ ಮೆತ್ತಗಾಗದೆ ಉಳಿದಿತ್ತು.

"ಇದರೊಳಗೆ ಏನೋ ಇದೆ."

"ಬಿಚ್ಚಬೇಡ!"

ಕೂಗಿದವನು ಕಡಿವಾಣ. ಲೋಟ ಉರುಳಿ ಚೂರಾಯಿತು. ಅವನು ಅಷ್ಟು ಜೋರಾಗಿ ಮಾತಾಡಬಲ್ಲ ಅಂತ ಆ ಕೋಣೆಗೇ ಗೊತ್ತಿರಲಿಲ್ಲ.

"ಬಿಚ್ಚಿ ಅತ್ತೆ," ಅಂದಳು ಇನ್‌ಸ್ಪೆಕ್ಟರ್.

ದಬ್ಬಳದಮ್ಮ ಮೂರನೇ ತೂತಿನಿಂದ ಶುರು ಮಾಡಿದಳು. ಮಗ ಹಾಕಿದ ಒಂದೊಂದೇ ಹೊಲಿಗೆ ಬಿಚ್ಚಿ, ಪದರಗಳ ನಡುವೆ ಎರಡು ಬೆರಳು ಇಳಿಸಿ ಎಳೆದಳು. ಒಲೆಯ ಬಿಸಿಗೆ ಕರಗಿ ಮತ್ತೆ ಗಟ್ಟಿಯಾದ ಗುಲಾಬಿ ಮೇಣ ಮೆತ್ತಿಕೊಂಡಿದ್ದ ಒಂದು ತೆಳ್ಳನೆಯ ಬಿಲ್ಲೆ ಹೊರಗೆ ಬಂತು. ಕಟ್ಟುಹಲ್ಲಿನ ಒಸಡು ಮಾಡುವ ಗಟ್ಟಿ ಪ್ಲಾಸ್ಟಿಕ್ಕು. ಅದರಲ್ಲಿ ಸಾಲಾಗಿ ಆರು ಹಲ್ಲಿನ ಅಚ್ಚು.

ಯಾವ ಮನುಷ್ಯನ ಬಾಯಿಗೂ ಹಿಡಿಸದಷ್ಟು ದೊಡ್ಡ ಹಲ್ಲು.

"ಕುದುರೇದು," ಅಂತ ಮೊದಲು ಅಂದವನು ಮೀಸೆ.

ಸೊಸೆ ಅದನ್ನು ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಮೀಸೆಯ ಕೈಗೆ ಕೊಟ್ಟಳು. "ಕವರಿಗೆ ಹಾಕಿ ಅರಗು ಹಾಕು. ಸಹಿ ಮಾಡು." ಆಮೇಲೆ ಸ್ಟೂಲನ್ನು ಕಡಿವಾಣದ ಎದುರಿಗೆ ಎಳೆದುಕೊಂಡು ಕೂತಳು. "ಈಗ ಹೇಳಿ. ಪೊಲೀಸಿಗೆ ಬೇಡ. ಮನೆ ಸೊಸೆಗೆ ಹೇಳಿ."

ಮುದುಕ ಬಗ್ಗಿ ಲೋಟದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ. ಹಿಂದೆ ಮೇಜಿನ ಆ ತುದಿಯಲ್ಲಿ ಮೀಸೆ ಕಡ್ಡಿ ಗೀರಿ ಅರಗು ಕರಗಿಸುವ ವಾಸನೆ ಬಂತು.

"ಬಿಳಿ ಕುದುರೆ ಹಲ್ಲು," ಅಂದ. "ಹಲ್ಲು ನೋಡಿದರೆ ವಯಸ್ಸು ಗೊತ್ತಾಗುತ್ತೆ. ಆ ಹಲ್ಲನ್ನ ಅರದಿಂದ ಉಜ್ಜಿ, ಬಣ್ಣ ಹಚ್ಚಿ, ಹದಿನಾರನ್ನ ಎಂಟು ಮಾಡಿದ್ದಾರೆ ಮಾರಿದವರು. ಇದೊಂದೇ ಕುದುರೆ ಅಲ್ಲ. ಮೇಷ್ಟ್ರು ನಂಬಲಿಲ್ಲ. ನಿಮ್ಮ ಯಜಮಾನರು ಅಚ್ಚು ತೆಗೆದುಕೊಟ್ಟರು. ಅರದ ಗೀರು ಎಲ್ಲ ಅದರಲ್ಲಿ ಕಾಣುತ್ತೆ."

"ಜೀನಿನಲ್ಲಿ ಯಾಕೆ ಇಟ್ಟರು?"

"ಇಡು ಅಂದವನು ನಾನು. ಅವರ ಅಂಗಡಿಗೆ ಯಾರೋ ನುಗ್ಗಿ ಡ್ರಾಯರೆಲ್ಲ ತಡಕಿದ್ದರು. ಈ ಜೀನನ್ನ ಯಾರೂ ಹಾಕ್ತಿರಲಿಲ್ಲ, ಕೊನೇ ಗೂಟದಲ್ಲಿ ನೇತಾಡ್ತಿತ್ತು. ನಾಲ್ಕು ದಿನಕ್ಕೆ ತಾನೇ ಅಂತ ಕೈಗೆ ಸಿಕ್ಕ ಮೇಣ ಹಚ್ಚಿ ತಾತ್ಕಾಲಿಕವಾಗಿ ಹೊಲಿದರು."

"ಮತ್ತೆ ಅವತ್ತು ಇದನ್ನ ಕುದುರೆಗೆ ಹಾಕಿದ್ದು ಯಾರು?"

"ನಾನಲ್ಲಮ್ಮ. ನಾನು ಹಾಕಿದ್ದು ಬೇರೆ ಜೀನು. ನೀರು ತರೋಕೆ ಹೋಗಿ ಬರೋಷ್ಟರಲ್ಲಿ ಬದಲಾಗಿತ್ತು. ಮೇಷ್ಟ್ರು ಹತ್ತಿ ಹೋಗಿಬಿಟ್ಟಿದ್ದರು."

"ಇದರಲ್ಲಿ ಅಚ್ಚಿದೆ ಅಂತ ಯಾರ್ಯಾರಿಗೆ ಗೊತ್ತಿತ್ತು?"

"ನನಗೆ. ಅವರಿಗೆ. ಮತ್ತೆ..." ಅವನು ಗೊಂದಲದಿಂದ ಅವಳ ಮುಖ ನೋಡಿದ. "ನಿಮಗೆ ಹೇಳಿದರೆ ಗಂಡನ ಕೇಸು ಹೆಂಡತಿ ಹಿಡಿದಳು ಅಂತಾರೆ ಅಂತ, ನಿಮ್ಮ ಸ್ಟೇಷನ್ನಿನಲ್ಲೇ ಬೇರೆಯವರಿಗೆ ಹೇಳಿದ್ದೀನಿ ಅಂದರು. ಬುಧವಾರ ಬಂದು ತಗೊಂಡು ಹೋಗ್ತೀವಿ ಅಂದಿದ್ದರಂತೆ ಅವರು. ಮಂಗಳವಾರವೇ ಮೇಷ್ಟ್ರು ಬಿದ್ದರು."

"ಯಾರಿಗೆ?"

"ಹೆಸರು ಹೇಳಲಿಲ್ಲ. ಕುದುರೆ ಬಲ್ಲವರು, ಲಾಯದಲ್ಲೇ ಬೆಳೆದವರು, ಇದು ಅವರಿಗೆ ಅರ್ಥ ಆಗುತ್ತೆ ಅಂದರು. ಅಷ್ಟೇ."

ದಬ್ಬಳದಮ್ಮನ ಕೈ ಜೀನಿನ ಮೇಲೆ ಹಾಗೇ ನಿಂತಿತು.

ನೆಂದ ಚರ್ಮವನ್ನು ಬೆಂಕಿಯ ಹತ್ತಿರ ಇಡಬಾರದು. ಕುದುರೆ ಸಾಕಿದ ಮನೆಯ ಎಳೆ ಮಕ್ಕಳಿಗೂ ಗೊತ್ತಿರುವ ಮಾತು. ಗಾಡಿ ಕುದುರೆಯ ಸಾಮಾನು ತಿಕ್ಕಿ ಬೆಳೆದವನಿಗೆ ಗೊತ್ತಿರಲಿಲ್ಲವೇ? ಜೀನನ್ನು ಅಷ್ಟು ಚಂದ ಎತ್ತಿ ಮಲಗಿಸಿದವನಿಗೆ? ಒಳಗಿನದು ಯಾರ ಕೈಗೂ ಸಿಗದಿರಲಿ ಅಂತಲೇ ಒಲೆ ಪಕ್ಕ ಇಟ್ಟನೇ?

ಅವಳು ತಿರುಗಿದಳು. ಮೇಜಿನ ಆ ತುದಿಯಲ್ಲಿ ಯಾರೂ ಇರಲಿಲ್ಲ. ಹೊರಗೆ ಮೋಟರ್‌ಸೈಕಲ್ಲು ಒಂದು ಸಲ ಗುರುಗುಟ್ಟಿ, ಬೀದಿಯ ತಿರುವಿನಲ್ಲಿ ಸಣ್ಣಗಾಯಿತು.

ಸೊಸೆ ಬಾಗಿಲಿಗೆ ಓಡಿದಳು. ದಬ್ಬಳದಮ್ಮ ಓಡಲಿಲ್ಲ. ಮೇಜಿನ ಮೇಲೆ ಕವರು ಇತ್ತು. ಅಂಟು ಸರಿಯಾಗಿತ್ತು, ಸಹಿ ಸರಿಯಾಗಿತ್ತು, ಅರಗಿನ ಮೊಹರು ಇನ್ನೂ ಬಿಸಿಯಾಗಿತ್ತು. ನೀರಿನ ಬೋಗುಣಿಯ ಪಕ್ಕ ಯಾವಾಗಲೂ ಇರುವ ಸ್ಪಂಜು ಮಾತ್ರ ಇರಲಿಲ್ಲ.

ಅವಳು ಕವರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

ಮೆತ್ತಗಿತ್ತು.